ಅಪ್ಪಿಕೊಳ್ಳುವ ದಿಂಬು

ಟೋಕಿಯೊ ನಗರದ ಅಕಿಹಬಾರ ಒಂದು ಕಾಲಕ್ಕೆ ರೇಡಿಯೊ ಬಿಡಿಭಾಗಗಳ ಪೇಟೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಾಲ್ವು, ಕಂಡೆನ್ಸರು, ತಂತಿಸುರುಳಿಗಳನ್ನು ಹರವಿಕೊಂಡು ಕುಳಿತ ಸಣ್ಣ ವ್ಯಾಪಾರಿಗಳಿಂದ ಅದು ಬೆಳೆಯಿತು. ಮುಂದೆ ಅಲ್ಲಿಗೆ ರೆಫ್ರಿಜರೇಟರು, ಟೆಲಿವಿಷನ್ನುಗಳು ಬಂದವು. ಆಮೇಲೆ ಕಂಪ್ಯೂಟರುಗಳು ಬಂದವು. 1990ರ ದಶಕದ ಕೊನೆಯಿಂದೀಚೆಗೆ ಕಾರ್ಟೂನು ಪಾತ್ರಗಳ ಗೊಂಬೆ, ಪುಸ್ತಕ, ಆಟಗಳ ಅಂಗಡಿಗಳು ತುಂಬಿಕೊಂಡವು. ಇಂದು ಅಂಥ ಅಂಗಡಿಯೊಂದರ ಒಳಹೊಕ್ಕರೆ, ಗೋಡೆಗೆ ತೂಗುಹಾಕಿದ ಒಂದು ಸರಕು ಹೊಸಬರನ್ನು ತಡೆದು ನಿಲ್ಲಿಸುತ್ತದೆ. ಅದು ದಿಂಬಿನ ಗವಸು. ಉದ್ದ ಒಂದೂವರೆ ಮೀಟರಿಗಿಂತ ತುಸು ಹೆಚ್ಚು, ಅಗಲ ಅರ್ಧ ಮೀಟರು. ಅದರ ಮೇಲೆ ಅಡಿಯಿಂದ ಮುಡಿಯವರೆಗೆ ಆಳೆತ್ತರದ ಒಂದು ಚಿತ್ರ. ಅಗಲವಾದ ಕಣ್ಣುಗಳು, ನೀಲಿಯೋ ಗುಲಾಬಿಯೋ ಆದ ಕೂದಲು. ಯಾವುದೋ ಕಥೆಯ ನಾಯಕಿ ಅಥವಾ ನಾಯಕ.

ಜಪಾನೀಯರು ಇದನ್ನು ‘ದಕಿಮಕುರ’ ಎನ್ನುತ್ತಾರೆ. ‘ದಕು’ ಎಂದರೆ ಅಪ್ಪಿಕೊಳ್ಳುವುದು, ‘ಮಕುರ’ ಎಂದರೆ ದಿಂಬು. ಅಪ್ಪಿಕೊಂಡು ಮಲಗುವ ದಿಂಬು ಎಂಬುದೇ ಅದರ ನೇರ ಅರ್ಥ. ಚಿತ್ರವಿಲ್ಲದ ಬರೀ ಬಿಳಿ ದಿಂಬಿಗೂ ಇದೇ ಹೆಸರು. ಆದರೆ ಜಗತ್ತಿನ ಗಮನ ಸೆಳೆದದ್ದು ಮಾತ್ರ ಚಿತ್ರವಿರುವ ದಿಂಬು.

ಇದರ ವಿಷಯ ಕೇಳಿದವರಲ್ಲಿ ಕೆಲವರು ನಗುತ್ತಾರೆ. ಇನ್ನು ಕೆಲವರು, ಅದರಲ್ಲೂ ಹದಿಹರೆಯದ ಮಕ್ಕಳಿರುವ ತಂದೆತಾಯಿಗಳು, ಗಾಬರಿಗೊಳ್ಳುತ್ತಾರೆ. ಜಪಾನಿನ ಅನಿಮೆ ಚಿತ್ರಗಳನ್ನು ಮಕ್ಕಳು ಟೀವಿಯಲ್ಲೂ ಮೊಬೈಲಿನಲ್ಲೂ ನೋಡುವುದು ಈಗ ನಮ್ಮಲ್ಲೂ ಸಾಮಾನ್ಯ. ಬೆಂಗಳೂರಿನ ಕಾಮಿಕ್ ಕಾನ್ ಮೇಳದಲ್ಲಿ ಅಂಥ ಪಾತ್ರಗಳ ವೇಷ ತೊಟ್ಟ ತರುಣ ತರುಣಿಯರು ಗುಂಪುಗುಂಪಾಗಿ ಕಾಣಸಿಗುತ್ತಾರೆ. ಹೀಗಿರುವಾಗ ‘ದಿಂಬನ್ನು ಮದುವೆಯಾದವನ’ ಸುದ್ದಿ ಕಿವಿಗೆ ಬಿದ್ದರೆ ಹೆತ್ತವರ ಎದೆ ಝಲ್ಲೆನ್ನುವುದು ಸಹಜವೇ. ನಗುವುದಕ್ಕೂ ಗಾಬರಿಪಡುವುದಕ್ಕೂ ಮುನ್ನ ಈ ದಿಂಬು ಎಲ್ಲಿಂದ ಬಂತು, ಮನುಷ್ಯನ ದೇಹಕ್ಕೂ ಅದಕ್ಕೂ ಏನು ನಂಟು ಎಂಬುದನ್ನು ಸ್ವಲ್ಪ ವಿಚಾರ ಮಾಡಿ ನೋಡುವುದು ಒಳ್ಳೆಯದು.

ಬಿದಿರಿನ ಶ್ರೀಮತಿ

ಅಪ್ಪಿಕೊಂಡು ಮಲಗುವ ವಸ್ತು ಪೂರ್ವ ಏಷ್ಯಕ್ಕೆ ಹೊಸದಲ್ಲ. ಅಲ್ಲಿನ ಬೇಸಿಗೆ ಬರೀ ಬಿಸಿಯದಲ್ಲ, ತೇವದ ಬೇಸಿಗೆ. ಮೈಯ ಬೆವರು ಆರುವುದೇ ಇಲ್ಲ. ಅದಕ್ಕಾಗಿ ಹಿಂದಿನವರು ಬಿದಿರಿನ ಸೀಳುಗಳಿಂದ ಆಳುದ್ದದ, ಒಳಗೆ ಟೊಳ್ಳಾದ ಕೊಳವೆಯಂಥ ಬುಟ್ಟಿಯನ್ನು ಹೆಣೆಯುತ್ತಿದ್ದರು. ರಾತ್ರಿ ಅದರ ಮೇಲೆ ಕೈಕಾಲು ಹಾಕಿಕೊಂಡು ಮಲಗುತ್ತಿದ್ದರು. ಚೀನ, ಕೊರಿಯ, ಜಪಾನು ಮೂರೂ ಕಡೆ ಅದರ ಹೆಸರನ್ನು ಒಂದೇ ಲಿಪಿಚಿಹ್ನೆಗಳಿಂದ ಬರೆಯುತ್ತಿದ್ದರು. ಅರ್ಥ ‘ಬಿದಿರಿನ ಶ್ರೀಮತಿ’. ಜಪಾನಿನಲ್ಲಿ ‘ದಕಿಕಾಗೊ’, ಅಂದರೆ ಅಪ್ಪುವ ಬುಟ್ಟಿ, ಎಂಬ ಹೆಸರೂ ಇತ್ತು.

ಇದರ ಹಿಂದಿನ ವಿಜ್ಞಾನ ಸರಳ. ಒಂದು ಗ್ರಾಂ ಬೆವರು ಆವಿಯಾಗಬೇಕಾದರೆ ಸುಮಾರು 2,400 ಜೂಲ್ ಶಾಖ ಬೇಕು. ಆ ಶಾಖವನ್ನು ಅದು ಚರ್ಮದಿಂದಲೇ ಎಳೆದುಕೊಳ್ಳುತ್ತದೆ. ಕೈಗೆ ಪಕ್ಕೆಯೂ ಕಾಲಿಗೆ ಕಾಲೂ ಅಂಟಿಕೊಂಡಿದ್ದರೆ ಅಲ್ಲಿ ಗಾಳಿಯಾಡದು, ಬೆವರು ಆರದು. ಬಿದಿರಿನ ಬುಟ್ಟಿ ಅವುಗಳನ್ನು ಬೇರ್ಪಡಿಸಿ, ನಡುವಿನ ಕಿಂಡಿಗಳಲ್ಲಿ ಗಾಳಿ ಸುಳಿಯುವಂತೆ ಮಾಡುತ್ತದೆ. ವಿದ್ಯುತ್ತಿಲ್ಲದ ಕಾಲದ ತಂಪುಯಂತ್ರ ಎನ್ನಲಡ್ಡಿಯಿಲ್ಲ.

ಇಂಡೊನೇಷ್ಯದ ಮನೆಗಳಲ್ಲಿ ಇದರ ಮೆತ್ತನೆಯ ಸೋದರ ಇಂದಿಗೂ ಇದೆ. ಅದರ ಹೆಸರು ‘ಗುಲಿಂಗ್’. ನಮ್ಮ ಬೂರುಗದ ಹತ್ತಿಯನ್ನು ಹೋಲುವ ಕಪೋಕ್ ತುಂಬಿದ ಉದ್ದನೆಯ ಲೋಡು ಅದು. ಡಚ್ಚರು ಆ ದ್ವೀಪಗಳನ್ನು ಆಳುತ್ತಿದ್ದ ಕಾಲದಲ್ಲಿ ಇಂಗ್ಲಿಷರು ಇಂಥ ಲೋಡನ್ನು ಕುಚೋದ್ಯಕ್ಕೆ ‘ಡಚ್ಚರ ಹೆಂಡತಿ’ ಎಂದು ಕರೆದರು. ದಿಂಬಿಗೂ ಹೆಂಡತಿಗೂ ಗಂಟು ಹಾಕಿ ನಗುವ ಚಾಳಿ ಇಂದಿನ ಪತ್ರಿಕೆಗಳು ಕಂಡುಹಿಡಿದದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ವೈದ್ಯರೂ ಇಂಥ ದಿಂಬಿನ ವಿರೋಧಿಗಳಲ್ಲ. ಮಗ್ಗುಲಾಗಿ ಮಲಗಿದಾಗ ಮೇಲಿನ ಕಾಲು ಜಾರಿ ಮುಂದಕ್ಕೆ ಬಿದ್ದರೆ ಸೊಂಟ ತಿರುಚಿಕೊಳ್ಳುತ್ತದೆ. ಮೊಣಕಾಲುಗಳ ನಡುವೆ ದಿಂಬಿದ್ದರೆ ಬೆನ್ನೆಲುಬು ನೇರವಾಗಿರುತ್ತದೆ. ತುಂಬು ಗರ್ಭಿಣಿಯರು ಮಗ್ಗುಲಾಗಿ ಮಲಗುವುದು ಕ್ಷೇಮ. ಆಗ ಹೊಟ್ಟೆಗೂ ಕಾಲಿಗೂ ಆಸರೆಯಾಗುವ ಉದ್ದ ದಿಂಬು ತುಂಬ ಉಪಕಾರಿ. ಜಪಾನಿನ ಅಂಗಡಿಗಳಲ್ಲಿ ಯಾವ ಚಿತ್ರವೂ ಇಲ್ಲದ ದಕಿಮಕುರಗಳು ಬಸುರಿಯರಿಗಾಗಿಯೇ ಮಾರಾಟವಾಗುತ್ತವೆ.

ಚರ್ಮಕ್ಕೆ ತಿಳಿಯುವ ಭಾಷೆ

ತಂಪಿಗಾಗಿ ಅಪ್ಪಿದ್ದು ಸರಿ, ಬೆನ್ನಿಗಾಗಿ ಅಪ್ಪಿದ್ದೂ ಸರಿ. ನೆಮ್ಮದಿಗಾಗಿ ದಿಂಬನ್ನು ಅಪ್ಪಿಕೊಳ್ಳುವುದೇಕೆ? ಅಜ್ಜಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ಮುಖಕ್ಕೆ ಒತ್ತಿಕೊಳ್ಳದೆ ನಿದ್ದೆಹೋಗದ ಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟಿಲ್ಲ! ಇಂಗ್ಲೆಂಡಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1950ರ ದಶಕದ ಆರಂಭದಲ್ಲಿ ಇಂಥ ವಸ್ತುಗಳ ಬಗ್ಗೆ ಬರೆದರು. ತಾಯಿಯ ಮಡಿಲಿನಿಂದ ಹೊರಜಗತ್ತಿಗೆ ಕಾಲಿಡುವ ಮಗುವಿಗೆ ಕೌದಿಯೋ ಗೊಂಬೆಯೋ ನಡುವಿನ ಸಂಕದಂತೆ ಎಂಬುದು ಅವರ ಅಭಿಪ್ರಾಯ. ಅದು ರೋಗದ ಲಕ್ಷಣವಲ್ಲ, ಬೆಳವಣಿಗೆಯ ಒಂದು ಹಂತ.

1958ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೊ ಒಂದು ಪ್ರಯೋಗವನ್ನು ಪ್ರಕಟಿಸಿದರು. ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳಿಗೆ ಅವರು ಎರಡು ಬೊಂಬೆ ‘ತಾಯಿ’ಗಳನ್ನು ಕೊಟ್ಟಿದ್ದರು. ಒಂದು ಬರೀ ತಂತಿಯದು. ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಹಾಲಿನ ಬಾಟಲಿಯನ್ನು ತಂತಿಯ ತಾಯಿಗೆ ಕಟ್ಟಿದ್ದಾಗಲೂ ಮರಿಗಳು ಹಾಲು ಕುಡಿದು ಮುಗಿಸಿ ಬಟ್ಟೆಯ ತಾಯಿಯತ್ತ ಓಡುತ್ತಿದ್ದವು. ದಿನದ ಬಹುಪಾಲು ಅದನ್ನೇ ತಬ್ಬಿಕೊಂಡಿರುತ್ತಿದ್ದವು. ಹೆದರಿಕೆಯಾದಾಗ ಅವಿತುಕೊಂಡದ್ದೂ ಅದರ ಮಡಿಲಲ್ಲೇ. ಮರಿಗಳನ್ನು ಹೀಗೆ ತಾಯಿಯಿಂದ ಅಗಲಿಸುವುದು ಕ್ರೌರ್ಯವೆಂದು ಇಂದು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಪ್ರಯೋಗ ಕಲಿಸಿದ ಪಾಠ ದೊಡ್ಡದು. ಹೊಟ್ಟೆಯ ಹಸಿವಿನಂತೆ ಸ್ಪರ್ಶದ ಹಸಿವೂ ಒಂದುಂಟು.

ಈ ಹಸಿವಿಗೆ ದೇಹದಲ್ಲಿ ಬೇರೆಯೇ ತಂತಿಗಳಿವೆ. ಬೆರಳ ತುದಿಗೆ ಏನಾದರೂ ತಾಗಿದರೆ ಸುದ್ದಿ ಸೆಕೆಂಡಿಗೆ ಸುಮಾರು 50 ಮೀಟರು ವೇಗದಲ್ಲಿ ಸಾಗುತ್ತದೆ. ಇದಲ್ಲದೆ ರೋಮವಿರುವ ಚರ್ಮದಲ್ಲಿ ತೀರ ತೆಳುವಾದ ಇನ್ನೊಂದು ಬಗೆಯ ನರತಂತುಗಳಿವೆ. ಮನುಷ್ಯರಲ್ಲಿ ಅವನ್ನು ಸ್ವೀಡನ್ನಿನ ವಿಜ್ಞಾನಿಗಳು ಗುರುತಿಸಿದ್ದು 1990ರ ಸುಮಾರಿಗೆ. ಅವುಗಳಲ್ಲಿ ಸುದ್ದಿ ಹೋಗುವುದು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ, ಅಂದರೆ ಆರಾಮವಾಗಿ ನಡೆದುಹೋಗುವವನ ವೇಗದಲ್ಲಿ. ‘ಏನು ತಾಗಿತು’ ಎಂದು ಹೇಳುವುದು ಅವುಗಳ ಕೆಲಸವಲ್ಲ. ‘ಹಿತವಾಯಿತು’ ಎಂಬುದನ್ನು ಮಿದುಳಿಗೆ ಮುಟ್ಟಿಸುವುದೇ ಅವುಗಳ ಕೆಲಸ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಚಿತ್ರ ಬರೆಯುವ ಒಂದು ಮೆತ್ತನೆಯ ಕುಂಚ ಸಾಕು. ಮುಂಗೈಗೂ ಮೊಣಕೈಗೂ ನಡುವೆ 9 ಸೆಂಟಿಮೀಟರು ದೂರದಲ್ಲಿ ಎರಡು ಗುರುತು ಮಾಡಿ. ನೀವು ಕಣ್ಣು ಮುಚ್ಚಿಕೊಂಡಿರಿ. ಸ್ನೇಹಿತನೊಬ್ಬ ಕುಂಚವನ್ನು ಆ ದೂರ ಎಳೆಯಲಿ. ಒಮ್ಮೆ 3 ಸೆಕೆಂಡಿನಲ್ಲಿ, ಒಮ್ಮೆ ಸರ್‍ರನೆ ಕ್ಷಣಮಾತ್ರದಲ್ಲಿ, ಒಮ್ಮೆ ಅರ್ಧ ನಿಮಿಷ ತೆಗೆದುಕೊಂಡು ಬಸವನಹುಳುವಿನಂತೆ. ಪ್ರತಿ ಸಲವೂ ಎಷ್ಟು ಹಿತವೆನಿಸಿತು ಎಂಬುದಕ್ಕೆ ಹತ್ತಕ್ಕೆ ಎಷ್ಟೆಂದು ಅಂಕ ಕೊಡಿ. ಹೆಚ್ಚಿನವರು ಮೊದಲನೆಯದಕ್ಕೇ ಹೆಚ್ಚು ಅಂಕ ಕೊಡುತ್ತಾರೆ. ಸೆಕೆಂಡಿಗೆ 3 ಸೆಂಟಿಮೀಟರಿನ ಆಸುಪಾಸಿನ ವೇಗಕ್ಕೆ ಈ ನರಗಳು ಚೆನ್ನಾಗಿ ಸ್ಪಂದಿಸುತ್ತವೆ. ತಾಯಿ ಮಗುವಿನ ಬೆನ್ನು ನೇವರಿಸುವ ವೇಗವೂ ಹೆಚ್ಚು ಕಡಮೆ ಇಷ್ಟೇ. ಅವಳಿಗೆ ಇದನ್ನು ಯಾರೂ ಅಳತೆಪಟ್ಟಿ ಹಿಡಿದು ಕಲಿಸಿಲ್ಲ.

ದಿಂಬು ನೇವರಿಸುವುದಿಲ್ಲ, ನಿಜ. ಆದರೆ ಎದೆಗೂ ಹೊಟ್ಟೆಗೂ ಒತ್ತಿಕೊಂಡಾಗ ಮೆದುವಾದ ಒತ್ತಡವನ್ನು ಕೊಡುತ್ತದೆ. ಅಂಥ ಒತ್ತಡ ಹಲವರ ತಳಮಳವನ್ನು ತಗ್ಗಿಸುತ್ತದೆ. ಆಟಿಸಂ ಇರುವ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್, ಹದಿನೆಂಟರ ಹರೆಯದಲ್ಲಿ ತಮ್ಮ ಉದ್ವೇಗ ಇಳಿಸಿಕೊಳ್ಳಲು ಮೈಯನ್ನು ಎರಡು ಬದಿಯಿಂದ ಒತ್ತುವ ಯಂತ್ರವೊಂದನ್ನು ತಾವೇ ರಚಿಸಿಕೊಂಡಿದ್ದರು. ಇನ್ನು ಬಿಸುಪಿನ ವಿಷಯ. ನಿದ್ರಿಸುವ ವಯಸ್ಕನ ದೇಹ ಸುಮಾರು 70–80 ವ್ಯಾಟ್ ಶಾಖವನ್ನು ಹೊರಸೂಸುತ್ತಿರುತ್ತದೆ. ದಿಂಬಿನೊಳಗಿನ ನಾರುಗಳ ನಡುವೆ ಸಿಕ್ಕಿಬಿದ್ದ ಗಾಳಿ ಆ ಶಾಖ ಹೊರಹೋಗದಂತೆ ತಡೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ದಿಂಬು ಬೆಚ್ಚಗಾದಂತೆ ತೋರುತ್ತದೆ. ಆ ಬಿಸುಪು ದಿಂಬಿನದಲ್ಲ, ಅಪ್ಪಿಕೊಂಡವನದೇ.

ಜಪಾನಿನ ವಿಜ್ಞಾನಿಗಳು ಈ ಸಂಗತಿಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಮನುಷ್ಯರನ್ನೇ ಹೋಲುವ ಯಂತ್ರಮಾನವರನ್ನು ತಯಾರಿಸಿ ಹೆಸರಾದ ಹಿರೊಶಿ ಇಶಿಗುರೊ ಮತ್ತು ಸಂಗಡಿಗರು ‘ಹಗ್ವಿ’ ಎಂಬ ದಿಂಬನ್ನು ರೂಪಿಸಿದರು. ಅದಕ್ಕೆ ಮನುಷ್ಯನ ಆಕಾರವಿದೆ, ಮುಖಚಹರೆಯಿಲ್ಲ. ತಲೆಯ ಬಳಿ ಫೋನು ಇಡಲು ಒಂದು ಜೇಬು. ದೂರದಲ್ಲಿರುವವರ ಜೊತೆ ದಿಂಬನ್ನು ಅಪ್ಪಿಕೊಂಡೇ ಮಾತಾಡಬಹುದು. 2013ರಲ್ಲಿ ಈ ತಂಡ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಬರೀ ಫೋನಿನಲ್ಲಿ 15 ನಿಮಿಷ ಮಾತಾಡಿದವರಿಗೆ ಹೋಲಿಸಿದರೆ, ದಿಂಬನ್ನು ಅಪ್ಪಿಕೊಂಡು ಅಷ್ಟೇ ಹೊತ್ತು ಮಾತಾಡಿದವರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚು ತಗ್ಗಿತ್ತು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ದಿಂಬಿನ ಒಳಗಿಂದ ಬರುತ್ತಿದ್ದದ್ದು ಜೀವಂತ ಮನುಷ್ಯನೊಬ್ಬನ ದನಿ.

ಪರದೆಯಿಂದ ಗವಸಿಗೆ

ದಿಂಬಿನ ಮೇಲೆ ಕಥಾಪಾತ್ರ ಬಂದು ಕುಳಿತದ್ದು ಹೇಗೆ? ಅದರ ಬೇರು ಒಂದು ಮಿಠಾಯಿ ಡಬ್ಬಿಯಲ್ಲಿದೆ ಎಂದರೆ ಅಚ್ಚರಿಯಾದೀತು.

1963ರ ಜನವರಿ 1ರಂದು ತೆಜುಕಾ ಒಸಾಮು ಅವರ ‘ತೆತ್ಸುವಾನ್ ಆಟಂ’ ಎಂಬ ಕಾರ್ಟೂನು ಸರಣಿ ಜಪಾನಿನ ಟೀವಿಯಲ್ಲಿ ಆರಂಭವಾಯಿತು. ಯಂತ್ರಬಾಲಕನೊಬ್ಬನ ಈ ಕಥೆ ಹೊರದೇಶಗಳಲ್ಲಿ ‘ಆಸ್ಟ್ರೊ ಬಾಯ್’ ಎಂದು ಪ್ರಸಿದ್ಧ. ಸರಣಿಯ ಪ್ರಾಯೋಜಕರಾಗಿದ್ದ ಮೇಯ್ಜಿ ಕಂಪನಿ ತನ್ನ ಚಾಕೊಲೆಟ್ ಗುಳಿಗೆಗಳ ಜೊತೆ ಆಟಂನ ಅಂಟುಚಿತ್ರಗಳನ್ನು ಕೊಟ್ಟಿತು. ಮಕ್ಕಳು ಅವನ್ನು ಪುಸ್ತಕಕ್ಕೆ, ಚೀಲಕ್ಕೆ, ಬಾಗಿಲಿಗೆ ಅಂಟಿಸಿಕೊಂಡರು. ವಾರಕ್ಕೊಮ್ಮೆ ಅರ್ಧ ಗಂಟೆ ಪರದೆಯ ಮೇಲೆ ಕಾಣುತ್ತಿದ್ದ ಹುಡುಗ ಈಗ ದಿನವಿಡೀ ಜೊತೆಗಿರತೊಡಗಿದ. 1974ರಲ್ಲಿ ಸಾನ್ರಿಯೊ ಕಂಪನಿ ‘ಹಲೊ ಕಿಟ್ಟಿ’ ಎಂಬ ಬೆಕ್ಕಿನ ಮರಿಯಂಥ ಪಾತ್ರವನ್ನು ಸೃಷ್ಟಿಸಿತು. ಅದಕ್ಕೆ ಮೊದಲು ಕಥೆಯೇ ಇರಲಿಲ್ಲ. ಅದು ಹುಟ್ಟಿದ್ದೇ ಚಿಲ್ಲರೆ ಕಾಸಿನ ಪುಟ್ಟ ಪರ್ಸಿನಂಥ ಸರಕುಗಳ ಮೇಲೆ ಅಚ್ಚಾಗಲು. ಪಾತ್ರವೆಂದರೆ ನೋಡುವಂಥದ್ದು ಮಾತ್ರವಲ್ಲ, ಕೈಯಲ್ಲಿ ಹಿಡಿಯುವಂಥದ್ದೂ ಹೌದು ಎಂಬ ರೂಢಿ ಜಪಾನಿನಲ್ಲಿ ಹೀಗೆ ಬೇರೂರಿತು.

1995ರ ಅಕ್ಟೋಬರಿನಲ್ಲಿ ಶುರುವಾದ ‘ನಿಯಾನ್ ಜೆನೆಸಿಸ್ ಇವಾಂಗೆಲಿಯಾನ್’ ಸರಣಿಯ ಯಶಸ್ಸಿನೊಂದಿಗೆ ಇಂಥ ಸರಕುಗಳ ಸುಗ್ಗಿಯೇ ಆಯಿತು. ಅದೇ ದಶಕದ ಕೊನೆಯ ಹೊತ್ತಿಗೆ, ಹಾಸಿಗೆ ಅಂಗಡಿಯಲ್ಲಿದ್ದ ಬಿಳಿಯ ಉದ್ದ ದಿಂಬಿಗೂ ಅನಿಮೆ ಪಾತ್ರಗಳಿಗೂ ಗಂಟುಬಿತ್ತು. ಆಳೆತ್ತರದ ಚಿತ್ರ ಅಚ್ಚುಹಾಕಲು ದಿಂಬಿಗಿಂತ ಅನುಕೂಲವಾದ ವಸ್ತು ಇನ್ನೊಂದಿರಲಿಲ್ಲ. ಹುಡುಗಿಯರ ಚಿತ್ರಗಳೇ ಹೆಚ್ಚಾದರೂ ಮಹಿಳಾ ಅಭಿಮಾನಿಗಳಿಗಾಗಿ ನಾಯಕರ ಚಿತ್ರಗಳೂ ಉಂಟು.

ಅಚ್ಚುಹಾಕುವ ವಿಧಾನ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುವಂಥದ್ದು. ಕರ್ಪೂರ ಕರಗದೆಯೇ ನೇರವಾಗಿ ಆವಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಇದು ಉತ್ಪತನ ಕ್ರಿಯೆ. ಕೆಲವು ಬಣ್ಣಗಳಿಗೂ ಈ ಗುಣವಿದೆ. ಮೊದಲು ಚಿತ್ರವನ್ನು ಅಂಥ ಬಣ್ಣಗಳಿಂದ ಕಾಗದದ ಮೇಲೆ ಮುದ್ರಿಸುತ್ತಾರೆ. ಕಾಗದವನ್ನು ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗುತ್ತದೆ. ಅದೇ ಬಿಸಿಗೆ ಪಾಲಿಯೆಸ್ಟರಿನ ಉದ್ದುದ್ದ ಅಣುಸರಪಳಿಗಳು ಸಡಿಲಗೊಂಡು ಬಣ್ಣದ ಆವಿಗೆ ಎಡೆಮಾಡಿಕೊಡುತ್ತವೆ. ತಣಿದಾಗ ಸರಪಳಿಗಳು ಮತ್ತೆ ಬಿಗಿದುಕೊಂಡು ಬಣ್ಣ ಒಳಗೇ ಸೆರೆಯಾಗುತ್ತದೆ. ಬಣ್ಣ ಬಟ್ಟೆಯ ಮೇಲೆ ಬಳಿದಂತೆ ಇರದೆ ನೂಲಿನ ಒಳಗೇ ಸೇರಿರುವುದರಿಂದ ತೊಳೆದರೂ ಸುಲಭವಾಗಿ ಹೋಗದು, ಕೈಗೆ ಒರಟೂ ಅನಿಸದು. ಹತ್ತಿಬಟ್ಟೆಯ ಅಣುರಚನೆ ಈ ಬಣ್ಣಗಳಿಗೆ ಹೀಗೆ ಜಾಗ ಕೊಡುವುದಿಲ್ಲ. ಒಳ್ಳೆಯ ಗವಸುಗಳಿಗೆ ಉದ್ದಕ್ಕೂ ಅಡ್ಡಕ್ಕೂ ಹಿಗ್ಗುವ, ನುಣುಪಾದ ಹೆಣಿಗೆಯ ಬಟ್ಟೆ ಬಳಸುತ್ತಾರೆ. ಇದನ್ನು ಜಪಾನಿನಲ್ಲಿ ‘ಟೂ ವೇ ಟ್ರಿಕಾಟ್’ ಎನ್ನುತ್ತಾರೆ. ಅಧಿಕೃತವಾದ ಒಂದು ಗವಸಿನ ಬೆಲೆ ಹತ್ತು ಸಾವಿರ ಯೆನ್‌ನ ಆಸುಪಾಸಿನಲ್ಲಿರುತ್ತದೆ. ಒಳಗಿನ ದಿಂಬಿಗೆ ಬೇರೆಯೇ ದುಡ್ಡು ತೆರಬೇಕು.

‘ತಾವು’ ಎಂದು ಕರೆದುಕೊಂಡವರು

ಇವುಗಳನ್ನು ಕೊಳ್ಳುವವರು ಯಾರು? ಜಪಾನಿನಲ್ಲಿ ಅವರಿಗೆ ‘ಒತಾಕು’ ಎಂಬ ಹೆಸರಿದೆ. ಈ ಪದದ ಮೂಲಾರ್ಥ ‘ತಮ್ಮ ಮನೆ’. ಗೌರವದಿಂದ ಒಬ್ಬರನ್ನು ‘ತಾವು’ ಎನ್ನುವುದಕ್ಕೂ ಅದನ್ನು ಬಳಸುತ್ತಾರೆ. ಮಾಂಗಾ ಚಿತ್ರಕಥೆಗಳ ಅಭಿಮಾನಿಗಳು ತಮ್ಮ ಓರಗೆಯವರನ್ನೂ ಹೀಗೆ ವಿಪರೀತ ಮರ್ಯಾದೆಯಿಂದ ಮಾತಾಡಿಸುವುದನ್ನು ಕಂಡು ಅಂಕಣಕಾರ ನಕಮೊರಿ ಅಕಿಯೊ 1983ರಲ್ಲಿ ಅವರನ್ನೆಲ್ಲ ‘ಒತಾಕು’ಗಳೆಂದು ಗೇಲಿಮಾಡಿ ಬರೆದರು. ಹೆಸರು ಅಂಟಿಕೊಂಡಿತು.

1989ರಲ್ಲಿ ಅದು ಬೈಗುಳವೇ ಆಯಿತು. ಆ ವರ್ಷ ಮಕ್ಕಳ ಕೊಲೆಗಾರನೊಬ್ಬ ಸಿಕ್ಕಿಬಿದ್ದ. ಅವನ ಕೋಣೆಯಲ್ಲಿ ಸಾವಿರಾರು ವಿಡಿಯೊ ಕ್ಯಾಸೆಟ್ಟುಗಳಿದ್ದವು. ಪತ್ರಿಕೆಗಳು ಅವನನ್ನು ಒತಾಕು ಎಂದು ಕರೆದದ್ದೇ ತಡ, ಕಾರ್ಟೂನು ಮೆಚ್ಚುವ ಎಲ್ಲ ತರುಣರ ಮೇಲೂ ಶಂಕೆಯ ನೆರಳು ಬಿತ್ತು. ಒಬ್ಬನ ಪಾಪ ಲಕ್ಷಾಂತರ ಜನರ ಹೆಗಲೇರಿತು. ಈ ಕಳಂಕ ತಿಳಿಯಾಗಲು ಒಂದೂವರೆ ದಶಕವೇ ಹಿಡಿಯಿತು. ನಾಚಿಕೆಯ ಒತಾಕು ಹುಡುಗನೊಬ್ಬನ ಪ್ರೇಮಕಥೆ ‘ದೆನ್ಶಾ ಒತೊಕೊ’ 2005ರಲ್ಲಿ ಚಲನಚಿತ್ರವಾಗಿ, ಟೀವಿ ಧಾರಾವಾಹಿಯಾಗಿ ಮನೆಮಾತಾದ ಮೇಲೆ ಜನರ ದೃಷ್ಟಿ ಬಹಳ ಮೃದುವಾಯಿತು.

ಒತಾಕುಗಳೆಂದರೆ ಬಾಗಿಲು ಹಾಕಿಕೊಂಡು ದಿಂಬು ತಬ್ಬಿ ಕುಳಿತವರು ಎಂಬುದು ಪೂರ್ತಿ ಚಿತ್ರವಲ್ಲ. ಅವರ ಜಾತ್ರೆಯನ್ನು ನೋಡಿದರೆ ಇದು ತಿಳಿಯುತ್ತದೆ. ‘ಕಾಮಿಕೆಟ್’ ಎಂಬ ಈ ಜಾತ್ರೆ ಮೊದಲು ನಡೆದದ್ದು 1975ರ ಡಿಸೆಂಬರ್ 21ರಂದು, ಟೋಕಿಯೊದ ಒಂದು ಸಭಾಂಗಣದಲ್ಲಿ. ಅಂದು ಬಂದ ಗುಂಪುಗಳು 32, ಜನ ಸುಮಾರು 700. ತಾವೇ ಬರೆದು, ತಾವೇ ಚಿತ್ರಿಸಿ, ತಾವೇ ಅಚ್ಚುಹಾಕಿಸಿದ ಪುಸ್ತಕಗಳನ್ನು ಅವರು ಮೇಜಿನ ಮೇಲಿಟ್ಟು ಮಾರಿದರು. ಇಂದು ಕಾಮಿಕೆಟ್ ವರ್ಷಕ್ಕೆ ಎರಡು ಬಾರಿ, ಬೇಸಿಗೆಯಲ್ಲೂ ವರ್ಷದ ಕೊನೆಯಲ್ಲೂ, ‘ಟೋಕಿಯೊ ಬಿಗ್ ಸೈಟ್’ ಎಂಬ ಬೃಹತ್ ಕಟ್ಟಡದಲ್ಲಿ ನಡೆಯುತ್ತದೆ. 2019ರ ಬೇಸಿಗೆಯ ನಾಲ್ಕು ದಿನಗಳಲ್ಲಿ ಸುಮಾರು 7 ಲಕ್ಷ 30 ಸಾವಿರ ಮಂದಿ ಬಂದಿದ್ದರು. ಇದನ್ನು ನಡೆಸುವವರು ಸ್ವಯಂಸೇವಕರು. ಇಲ್ಲಿ ‘ಗಿರಾಕಿ’ ಎಂಬ ಮಾತೇ ಇಲ್ಲ. ಮಾರುವವರು, ಕೊಳ್ಳುವವರು, ಸಾಲು ನಿಲ್ಲಿಸುವವರು ಎಲ್ಲರೂ ‘ಭಾಗವಹಿಸುವವರು’ ಎಂಬುದು ಕಾಮಿಕೆಟ್‌ನ ನಿಯಮ.

ದಿಂಬಿನ ಗವಸುಗಳೂ ಇಲ್ಲಿ ಮಾರಾಟವಾಗುತ್ತವೆ. ಕೆಲವನ್ನು ಕಂಪನಿಗಳು ತಂದಿರುತ್ತವೆ. ಇನ್ನು ಕೆಲವನ್ನು ಹವ್ಯಾಸಿ ಚಿತ್ರಕಾರರೇ ಕಡಮೆ ಸಂಖ್ಯೆಯಲ್ಲಿ ಮಾಡಿಸಿ ತಂದಿರುತ್ತಾರೆ. ಅವಕ್ಕಾಗಿ ಜನ ನಸುಕಿನಲ್ಲೇ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಕೊಂಡವರೆಲ್ಲ ಅವನ್ನು ಹಾಸಿಗೆಗೆ ಒಯ್ಯುತ್ತಾರೆಂದೇನೂ ಇಲ್ಲ. ಭೂಪಟದಂತೆ ಗೋಡೆಗೆ ತೂಗುಹಾಕುವವರಿದ್ದಾರೆ. ಸುರುಳಿಸುತ್ತಿ ಪೆಟ್ಟಿಗೆಯಲ್ಲಿ ಜೋಪಾನ ಮಾಡುವವರಿದ್ದಾರೆ. ಅಂಚೆಚೀಟಿ ಕೂಡಿಸುವವರಂತೆ ಯಾವ ಚಿತ್ರಕಾರನದು, ಯಾವ ವರ್ಷದ್ದು ಎಂದು ಲೆಕ್ಕವಿಡುವವರೂ ಇದ್ದಾರೆ. ಅಪ್ಪಿಕೊಂಡು ಮಲಗುವವರಂತೂ ಇದ್ದೇ ಇದ್ದಾರೆ. ತಾವು ಬೆಂಬಲಿಸುವ ಮೆಚ್ಚಿನ ಪಾತ್ರವನ್ನೋ ಗಾಯಕಿಯನ್ನೋ ಅವರು ‘ಒಶಿ’ ಎನ್ನುತ್ತಾರೆ. ನಮ್ಮಲ್ಲಿ ನೆಚ್ಚಿನ ಚಿತ್ರನಟನ ಕಟೌಟು ನಿಲ್ಲಿಸಿ ಹಾರ ಹಾಕುವ ಅಭಿಮಾನಿಗೂ ಇವರಿಗೂ ಮನಸ್ಸಿನ ಮಟ್ಟದಲ್ಲಿ ಬಹಳ ದೂರವೇನೂ ಇಲ್ಲ.

ಸುದ್ದಿಯಾಗುವ ಒಬ್ಬ, ಸುದ್ದಿಯಾಗದ ಸಾವಿರ

ಹೊರಜಗತ್ತಿಗೆ ಮಾತ್ರ ಬೇರೆಯೇ ಚಿತ್ರ ತಲುಪಿತು. 2009ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮ್ಯಾಗಜೀನು ಪುರವಣಿ, ದಿಂಬಿನ ಮೇಲಿನ ಪಾತ್ರವನ್ನೇ ಪ್ರೇಯಸಿಯೆಂದು ಭಾವಿಸಿದ ಜಪಾನೀಯನೊಬ್ಬನ ಬಗ್ಗೆ ದೀರ್ಘ ಲೇಖನ ಪ್ರಕಟಿಸಿತು. ಅಪರೂಪದ ಒಂದು ಪ್ರಸಂಗವನ್ನು ದೊಡ್ಡ ಸಾಮಾಜಿಕ ವಿದ್ಯಮಾನವೆಂಬಂತೆ ತೋರಿಸಲಾಗಿದೆ ಎಂಬ ಟೀಕೆ ಅದಕ್ಕೆ ಎದುರಾಯಿತು. ಮರುವರ್ಷ ದಕ್ಷಿಣ ಕೊರಿಯದಲ್ಲಿ ಒಬ್ಬಾತ ದಿಂಬಿನೊಂದಿಗೆ ವಿವಾಹ ವಿಧಿ ನಡೆಸಿದ್ದು ದೇಶದೇಶಗಳಲ್ಲಿ ಸುದ್ದಿಯಾಯಿತು. ನಾಯಿ ಮನುಷ್ಯನನ್ನು ಕಚ್ಚಿದರೆ ಸುದ್ದಿಯಲ್ಲ, ಮನುಷ್ಯ ನಾಯಿಯನ್ನು ಕಚ್ಚಿದರೆ ಸುದ್ದಿ ಎಂಬ ಮಾತಿದೆಯಲ್ಲ. ದಿಂಬು ಅಪ್ಪಿ ಮಲಗಿ, ಬೆಳಗ್ಗೆ ಎದ್ದು ಕಚೇರಿಗೋ ಕಾಲೇಜಿಗೋ ಹೊರಡುವ ಸಾವಿರಾರು ಮಂದಿ ಯಾವ ಪತ್ರಿಕೆಗೂ ಬೇಡ.

ಪರದೆಯ ಮೇಲಿನವರ ಜೊತೆ ಏಕಮುಖ ಸ್ನೇಹ ಬೆಳೆಯುವುದನ್ನು ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಷ್ಟು ಹಿಂದೆಯೇ ವಿವರಿಸಿದ್ದರು. ರೇಡಿಯೊ, ಟೀವಿಗಳಲ್ಲಿ ದಿನವೂ ಮಾತಾಡುವವರು ಕೇಳುಗರಿಗೆ ಆಪ್ತ ಬಂಧುಗಳಂತೆ ಆಗುತ್ತಾರೆ. ಆ ‘ಬಂಧು’ವಿಗೆ ಮಾತ್ರ ಇವರ ಹೆಸರೂ ಗೊತ್ತಿರದು. ಹೀಗಾಗುವುದು ಹುಚ್ಚಲ್ಲ. ಧಾರಾವಾಹಿಯ ಸೊಸೆಗಾಗಿ ಕಣ್ಣೀರಿಡುವ ಅಜ್ಜಿಗೆ ಅದು ಕಥೆಯೆಂದು ಚೆನ್ನಾಗಿ ಗೊತ್ತು. ದಿಂಬಿನ ಅಭಿಮಾನಿಗೂ ಅಷ್ಟೇ.

ಆದರೆ ಜಪಾನಿನಲ್ಲಿ ಒಂಟಿತನದ ಸಮಸ್ಯೆಯೇ ಇಲ್ಲ ಎಂದರೆ ಅದೂ ಸುಳ್ಳಾದೀತು. ಆರು ತಿಂಗಳಿಗೂ ಹೆಚ್ಚು ಕಾಲ ಶಾಲೆ, ಕೆಲಸ, ಸ್ನೇಹ ಎಲ್ಲವನ್ನೂ ತೊರೆದು ಮನೆಯೊಳಗೇ ಉಳಿಯುವುದನ್ನು ಅಲ್ಲಿ ‘ಹಿಕಿಕೊಮೊರಿ’ ಎನ್ನುತ್ತಾರೆ. ಮನೋವೈದ್ಯ ಸೈತೊ ತಮಾಕಿ 1998ರಲ್ಲಿ ಬರೆದ ಪುಸ್ತಕದಿಂದ ಈ ಪದ ಎಲ್ಲರಿಗೂ ಪರಿಚಿತವಾಯಿತು. 2023ರಲ್ಲಿ ಹೊರಬಂದ ಸರ್ಕಾರದ ಸಮೀಕ್ಷೆಯ ಪ್ರಕಾರ 15ರಿಂದ 64 ವಯಸ್ಸಿನವರಲ್ಲಿ ಇಂಥವರು ಅಂದಾಜು 14 ಲಕ್ಷ 60 ಸಾವಿರ. ಅಂದರೆ ಐವತ್ತು ಜನರಲ್ಲಿ ಒಬ್ಬರು. ಶಾಲೆಯಲ್ಲಿ ಅವಮಾನ, ಕೆಲಸ ಕಳೆದುಕೊಂಡದ್ದು, ಜನರೊಡನೆ ಬೆರೆಯಲಾಗದ ಸಂಕಟ ಮುಂತಾಗಿ ಇದಕ್ಕೆ ಕಾರಣಗಳು ಹಲವು. ಬಾಗಿಲು ಮುಚ್ಚಿದ್ದು ದಿಂಬಲ್ಲ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ದಿಂಬೊಂದೇ ಜೊತೆಗಾರನಾದರೆ ಏನಾದೀತು?

ಈ ಪ್ರಶ್ನೆಗೆ ಹಾರ್ಲೊ ಅವರ ಕೋತಿಮರಿಗಳ ಮುಂದಿನ ಕಥೆಯಲ್ಲಿ ಒಂದು ಸುಳಿವಿದೆ. ಮೊದಲ ಪ್ರಯೋಗ ಎಲ್ಲರಿಗೂ ಗೊತ್ತು, ಎರಡನೆಯ ಭಾಗ ಅಷ್ಟು ಪ್ರಸಿದ್ಧವಲ್ಲ. ಬಟ್ಟೆಯ ತಾಯಿಯನ್ನೇ ಅಪ್ಪಿಕೊಂಡು ಒಂಟಿಯಾಗಿ ಬೆಳೆದ ಮರಿಗಳು ದೊಡ್ಡವಾದಾಗ ಸಂಗಡಿಗರೊಡನೆ ಬೆರೆಯಲಾರದೆ ಹೋದವು. ಮೂಲೆಯಲ್ಲಿ ಮುದುಡಿ ಕೂತವು, ಇಲ್ಲವೇ ಕಾರಣವಿಲ್ಲದೆ ಎರಗಿದವು. ಅದೇ ಬಟ್ಟೆಯ ತಾಯಿಯ ಜೊತೆಗೆ, ದಿನಕ್ಕೆ ಸ್ವಲ್ಪ ಹೊತ್ತು ಬೇರೆ ಮರಿಗಳೊಡನೆ ಆಡಲು ಬಿಟ್ಟಿದ್ದ ಮರಿಗಳು ಬಹುಮಟ್ಟಿಗೆ ಸರಿಯಾಗಿಯೇ ಬೆಳೆದವು. ಬಟ್ಟೆ ಕೆಡುಕು ಮಾಡಲಿಲ್ಲ, ಸಮಾಧಾನವನ್ನೇ ಕೊಟ್ಟಿತು. ಆದರೆ ಬದುಕಲು ಕಲಿಸಿದವರು ಆಟದ ಗೆಳೆಯರು. ಕೋತಿಯ ಪಾಠವನ್ನು ಮನುಷ್ಯನಿಗೆ ಹಾಗೆಹಾಗೆಯೇ ಅನ್ವಯಿಸಲಾಗದು. ಆದರೂ ಯೋಚಿಸಲು ಇದು ಒಳ್ಳೆಯ ದಾರಿ.

ಹೆತ್ತವರು ನೋಡಬೇಕಾದದ್ದು

ಹೀಗಾಗಿ ಮಗನೋ ಮಗಳೋ ಒಂದು ಪಾತ್ರಕ್ಕೆ ಮನಸೋತಾಗ ‘ಇದೇನು ಹುಚ್ಚು’ ಎಂದು ಗದರುವುದರಿಂದ ಉಪಯೋಗವಿಲ್ಲ. ಕೇಳಬೇಕಾದ ಪ್ರಶ್ನೆ ಇನ್ನೊಂದು: ಈ ಮೆಚ್ಚುಗೆ ಮಗುವನ್ನು ಜನರ ಬಳಿಗೆ ಒಯ್ಯುತ್ತಿದೆಯೋ, ಜನರಿಂದ ದೂರ ಒಯ್ಯುತ್ತಿದೆಯೋ? ಆ ಪಾತ್ರದ ಚಿತ್ರ ಬರೆಯಲು ಕಲಿತಿದ್ದರೆ, ಅದರ ಬಗ್ಗೆ ಹರಟಲು ಇಬ್ಬರು ಗೆಳೆಯರಿದ್ದರೆ, ಅದಕ್ಕಾಗಿ ನಾಲ್ಕು ಜಪಾನಿ ಮಾತು ಕಲಿತಿದ್ದರೆ, ಅದು ಕಾಮಿಕೆಟ್‌ನ ದಾರಿ. ಊಟಕ್ಕೆ ಕರೆದರೂ ಬಾರದೆ, ಇದ್ದ ಗೆಳೆಯರನ್ನೂ ಬಿಟ್ಟು, ನಿದ್ದೆಗೆಟ್ಟು, ಶಾಲೆಗೆ ಹೋಗದಿರಲು ನೆಪ ಹುಡುಕುವುದು ವಾರಗಟ್ಟಲೆ ಮುಂದುವರಿದರೆ ಅದು ಎಚ್ಚರಿಕೆಯ ಗಂಟೆ. ಆಗಲೂ ದಿಂಬನ್ನೋ ಭಿತ್ತಿಚಿತ್ರವನ್ನೋ ಕಿತ್ತೆಸೆಯುವುದು ಪರಿಹಾರವಲ್ಲ. ಶಾಲೆಯಲ್ಲಿ ಏನು ನಡೆದಿದೆ, ಯಾರು ಏನೆಂದರು ಎಂಬುದನ್ನು ಮೆಲ್ಲಗೆ ವಿಚಾರಿಸಬೇಕು. ಅಗತ್ಯವೆನಿಸಿದರೆ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಲು ಸಂಕೋಚಪಡಬಾರದು.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಲೇಸು. ದಿಂಬಿನ ಗವಸುಗಳಲ್ಲಿ ಸಭ್ಯವಾದವು ಇರುವಂತೆ, ವಯಸ್ಕರಿಗೆಂದೇ ಮಾಡಿದ ಚಿತ್ರಗಳೂ ಇವೆ. ಮಾರುವವರು ಅವುಗಳಿಗೆ 18 ವರ್ಷದ ಗೆರೆ ಎಳೆದಿರುತ್ತಾರೆ. ಮೊಬೈಲಿನಲ್ಲಿ ಹುಡುಕಿದರೆ ಎರಡೂ ಒಟ್ಟಿಗೇ ಎದುರಾಗಬಹುದು. ಆದ್ದರಿಂದ ಮಕ್ಕಳು ಇಂಥ ವಸ್ತು ಬೇಕೆಂದಾಗ ಹಿರಿಯರು ಜೊತೆಯಲ್ಲೇ ಕುಳಿತು ನೋಡಿ ಆರಿಸುವುದು ವಿವೇಕ. ಚಿತ್ರಕಾರನ ಒಪ್ಪಿಗೆಯಿಲ್ಲದೆ ಅಚ್ಚುಹಾಕಿದ ನಕಲಿ ಗವಸುಗಳೂ ಧಾರಾಳವಾಗಿ ಮಾರಾಟವಾಗುತ್ತವೆ. ಅಗ್ಗವೆಂದು ಅವನ್ನು ಕೊಳ್ಳುವುದು ಮೆಚ್ಚಿನ ಪಾತ್ರವನ್ನು ಸೃಷ್ಟಿಸಿದವನ ಜೇಬಿಗೇ ಕೈಹಾಕಿದಂತೆ ಎಂಬುದನ್ನು ಮಕ್ಕಳಿಗೆ ತಿಳಿಸಿದರೆ ಅವರಿಗೆ ಖಂಡಿತ ಅರ್ಥವಾಗುತ್ತದೆ.

ವಿದ್ಯಾರ್ಥಿಗಳು ನೆನಪಿಡಬೇಕಾದದ್ದೂ ಉಂಟು. ಸಹಪಾಠಿಯೊಬ್ಬನ ಚೀಲದಲ್ಲಿ ಕಾರ್ಟೂನಿನ ಗೊಂಬೆ ಕಂಡರೆ ಹತ್ತು ಜನರ ಮುಂದೆ ಅದನ್ನು ಎತ್ತಿ ತೋರಿಸಿ ನಗುವುದು ಸುಲಭ. ಬಾಗಿಲು ಹಾಕಿಕೊಂಡು ಕುಳಿತ ಹಲವರ ಕಥೆ ಶುರುವಾಗುವುದು ಅಂಥ ಒಂದು ನಗುವಿನಿಂದಲೇ. ‘ಇದು ಯಾವ ಕಥೆಯದು?’ ಎಂದು ಕೇಳುವುದಕ್ಕೂ ಅಷ್ಟೇ ಸಮಯ ಸಾಕು.

ದಿಂಬು ಬೆನ್ನಿಗೆ ಆಸರೆ ಕೊಡುತ್ತದೆ, ಎದೆಗೆ ಒತ್ತಡ ಕೊಡುತ್ತದೆ, ನಮ್ಮದೇ ಬಿಸುಪನ್ನು ನಮಗೆ ಉಳಿಸಿಕೊಡುತ್ತದೆ. ‘ಯಾಕೆ ಸಪ್ಪಗಿದ್ದೀಯಾ’ ಎಂದು ಕೇಳುವುದು ಅದರ ಕೈಲಾಗದು. ಆ ಕೆಲಸ ಮನೆಯವರದು. ಮುಂದಿನ ಭಾನುವಾರ ಮಕ್ಕಳು ಅನಿಮೆ ನೋಡುತ್ತ ಕುಳಿತಾಗ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕುಳಿತು ಒಂದು ಕಂತನ್ನು ಪೂರ್ತಿ ನೋಡಲಿ. ಕಥೆ ಅರ್ಥವಾಗದಿದ್ದರೆ ಚಿಂತೆಯಿಲ್ಲ. ವಿವರಿಸಲು ಮಕ್ಕಳು ತುದಿಗಾಲಿನಲ್ಲಿ ನಿಂತಿರುತ್ತಾರೆ.